‘ಮಾಡಿಕೊಂಡವು’ ಎಂಬ ಕ್ರಿಯಾಪದದ ಬಗ್ಗೆ ತಮ್ಮನ ಮಗಳಿಗೆ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಜೀವವಿಕಾಸದ ಬಗ್ಗೆ ನೀನು ಬರೆದ ಪಾಠದ ಕರಡು ತಲುಪಿತು. ಎರಡು ಸಲ ಓದಿದೆ; ಮೊದಲನೆಯ ಸಲ ಸಂತೋಷಕ್ಕೆ, ಎರಡನೆಯ ಸಲ ಸೀಸದಕಡ್ಡಿ ಹಿಡಿದು. ವಿಷಯ ತಿಳಿದು ಬರೆದಿದ್ದೀಯೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಮೂರನೆಯ ಪುಟದ ಒಂದು ವಾಕ್ಯದ ಕೆಳಗೆ ಗೆರೆ ಎಳೆದಿದ್ದೇನೆ. ನೀನು ಇನ್ನು ಮುಂದೆ ವರ್ಷಗಟ್ಟಲೆ ಮಕ್ಕಳೆದುರು ಇದೇ ಪಾಠ ಹೇಳುವವಳಾದ್ದರಿಂದ, ಆ ಒಂದು ಗೆರೆಯ ಕಾರಣವನ್ನು ವಿವರವಾಗಿಯೇ ತಿಳಿಸಿಬಿಡುವುದು ಒಳ್ಳೆಯದೆಂದು ಈ ಪತ್ರ.

ನೀನು ಬರೆದಿರುವುದು ಹೀಗೆ: ‘ಬರಗಾಲ ಬಂದಾಗ ಹಕ್ಕಿಗಳು ಗಟ್ಟಿ ಬೀಜಗಳನ್ನು ಒಡೆಯಲು ತಮ್ಮ ಕೊಕ್ಕನ್ನು ದಪ್ಪ ಮಾಡಿಕೊಂಡವು.’ ಇದರಲ್ಲಿ ಬರವೂ ನಿಜ, ಬೀಜವೂ ನಿಜ, ಕೊನೆಯಲ್ಲಿ ಉಳಿದ ಕೊಕ್ಕುಗಳು ದಪ್ಪಗಿದ್ದದ್ದೂ ನಿಜ. ತಪ್ಪಿರುವುದು ‘ಒಡೆಯಲು’ ಮತ್ತು ‘ಕೊಂಡವು’ ಎಂಬ ಎರಡು ಮಾತುಗಳಲ್ಲಿ. ಕನ್ನಡದಲ್ಲಿ ಕ್ರಿಯಾಪದಕ್ಕೆ ‘ಕೊಳ್ಳು’ ಸೇರಿದ ಕೂಡಲೇ, ಮಾಡಿದವನು ತನಗಾಗಿ, ತನ್ನ ಪ್ರಯೋಜನಕ್ಕಾಗಿ ಮಾಡಿದ ಎಂಬ ಅರ್ಥ ನಾವು ಕರೆಯದಿದ್ದರೂ ಒಳಗೆ ಬಂದು ಕೂರುತ್ತದೆ. ಬಿದ್ದು ಕೈ ಮುರಿದುಕೊಂಡವನಿಗೆ ಅಂಥ ಉದ್ದೇಶವೇನೂ ಇರಲಿಲ್ಲವಲ್ಲ ಎಂದು ನೀನು ವಾದಿಸಬಹುದು. ಒಪ್ಪುತ್ತೇನೆ, ಆದರೆ ಅಲ್ಲಿ ಮುರಿದ ಕೈಯಾದರೂ ಅವನದೇ. ನಿನ್ನ ವಾಕ್ಯದ ಹಕ್ಕಿಗಳಲ್ಲಿ ಒಂದರ ಕೊಕ್ಕೂ ಒಂದು ಕೂದಲೆಳೆಯಷ್ಟು ದಪ್ಪವಾಗಲಿಲ್ಲ.

ನೀನು ಹೇಳುತ್ತಿರುವುದು ಗಲಾಪಗೋಸ್ ದ್ವೀಪಸಮೂಹದ ಡಾಫ್ನೆ ಮೇಜರ್ ಎಂಬ ಪುಟ್ಟ ದ್ವೀಪದ ಕಥೆಯಾದ್ದರಿಂದ ಅದನ್ನೇ ಹತ್ತಿರದಿಂದ ನೋಡೋಣ. ಅರ್ಧ ಚದರ ಕಿಲೋಮೀಟರಿಗಿಂತಲೂ ಚಿಕ್ಕದಾದ, ಜನವಸತಿಯಿಲ್ಲದ ಆ ಜ್ವಾಲಾಮುಖಿಯ ಗುಡ್ಡದ ಮೇಲೆ ಪೀಟರ್ ಗ್ರಾಂಟ್ ಮತ್ತು ರೋಸ್‌ಮರಿ ಗ್ರಾಂಟ್ ದಂಪತಿಗಳು 1973ರಿಂದ ಫಿಂಚ್ ಹಕ್ಕಿಗಳ ಲೆಕ್ಕ ಇಡತೊಡಗಿದರು. ಬಲೆಯಲ್ಲಿ ಹಿಡಿದ ಪ್ರತಿಯೊಂದು ಹಕ್ಕಿಯ ಕಾಲಿಗೂ ಗುರುತಿನ ಬಳೆ ತೊಡಿಸಿ, ಕೊಕ್ಕಿನ ಉದ್ದ, ಅಗಲ, ದಪ್ಪಗಳನ್ನು ಕ್ಯಾಲಿಪರಿನಿಂದ ಅಳೆದು ಬರೆದಿಟ್ಟು ಹಾರಿಬಿಡುತ್ತಿದ್ದರು. ಹೀಗೆ ಬಿಡಿಬಿಡಿಯಾಗಿ ಅಳೆದದ್ದರಿಂದಲೇ ಮುಂದೆ ನಡೆದದ್ದು ನಮಗೆ ತಿಳಿಯಿತು. ಬರೀ ಸರಾಸರಿಯನ್ನು ನೋಡಿದ್ದರೆ ನಾವೂ ‘ಮಾಡಿಕೊಂಡವು’ ಎಂದೇ ನಂಬಿಬಿಡುತ್ತಿದ್ದೆವು.

1977ರಲ್ಲಿ ಮಳೆ ಕೈಕೊಟ್ಟಿತು. ಮೆತ್ತಗಿನ ಸಣ್ಣ ಬೀಜಗಳನ್ನು ಹಕ್ಕಿಗಳು ಮೊದಲು ತಿಂದು ಮುಗಿಸಿದವು. ಆಮೇಲೆ ಉಳಿದದ್ದರಲ್ಲಿ ಮುಖ್ಯವಾದದ್ದು ನೆಗ್ಗಿಲುಮುಳ್ಳಿನ ಹತ್ತಿರದ ಸಂಬಂಧಿಯಾದ ಒಂದು ಗಿಡದ ಕಾಯಿ. ನೆಗ್ಗಿಲನ್ನು ಬರಿಗಾಲಲ್ಲಿ ತುಳಿದವರಿಗೆ ಅದರ ಗಡಸುತನವನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ದಪ್ಪ ಕೊಕ್ಕಿನ ಹಕ್ಕಿ ಆ ಕಾಯಿಯ ಮೂಲೆಯನ್ನು ಕಚ್ಚಿ ತಿರುಚಿ ಒಡೆದು ಒಳಗಿನ ಬೀಜ ತೆಗೆಯಬಲ್ಲದು. ಅದಕ್ಕಿಂತ ಒಂದು ಮಿಲಿಮೀಟರಿನಷ್ಟು ತೆಳ್ಳಗಿನ ಕೊಕ್ಕಿನದು ಎಷ್ಟು ಹೆಣಗಿದರೂ ಆಗದೆ, ಸೋತು, ಕಾಯಿಯನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಆ ವರ್ಷ ಮಧ್ಯಮ ಗಾತ್ರದ ನೆಲಫಿಂಚ್‌ಗಳಲ್ಲಿ 100ಕ್ಕೆ 80ಕ್ಕೂ ಹೆಚ್ಚು ಸತ್ತುಹೋದವು. ಉಳಿದವುಗಳ ಅಳತೆಗಳನ್ನು ಹಳೆಯ ದಾಖಲೆಗಳ ಪಕ್ಕದಲ್ಲಿಟ್ಟು ನೋಡಿದಾಗ, ಅವು ಬರಕ್ಕೆ ಮುಂಚೆಯೇ ದಪ್ಪ ಕೊಕ್ಕಿದ್ದ ಹಕ್ಕಿಗಳೆಂದು ಗೊತ್ತಾಯಿತು. ಕೊಕ್ಕಿನ ದಪ್ಪ ತಾಯಿತಂದೆಯರಿಂದ ಮರಿಗಳಿಗೆ ಬಹುಮಟ್ಟಿಗೆ ಇಳಿದು ಬರುವ ಗುಣವಾದ್ದರಿಂದ, ಬರ ಮುಗಿದ ಮೇಲೆ 1978ರಲ್ಲಿ ಹುಟ್ಟಿದ ಮರಿಗಳ ಕೊಕ್ಕು ಬೆಳೆದ ಮೇಲೆ, ಬರಕ್ಕೆ ಹಿಂದಿನ ಪೀಳಿಗೆಗಿಂತ ಸರಾಸರಿ ಅರ್ಧ ಮಿಲಿಮೀಟರಿನಷ್ಟು ದಪ್ಪವಾಗಿತ್ತು.

ಈಗ ನೋಡು, ಬದಲಾದದ್ದು ಯಾವುದು? ಹಕ್ಕಿ ಬದಲಾಗಲಿಲ್ಲ. ಹಕ್ಕಿಗಳ ಗುಂಪಿನಲ್ಲಿ ಯಾರು ಇದ್ದಾರೆ, ಯಾರು ಇಲ್ಲ ಎಂಬ ಲೆಕ್ಕ ಬದಲಾಯಿತು. ಪಾಠದಲ್ಲಿ ಆ ಲೆಕ್ಕ ಬದಲಾದ ಬಗೆ ಕಾಣಬೇಕು, ಮತ್ತು ಅದಕ್ಕೆ ಬೇಕಾದದ್ದು ಮೂರೇ ಸಂಗತಿಗಳು: ಗುಂಪಿನ ಸದಸ್ಯರಲ್ಲಿ ಮೊದಲೇ ವ್ಯತ್ಯಾಸವಿರಬೇಕು, ಆ ವ್ಯತ್ಯಾಸ ಸಂತಾನಕ್ಕೆ ಇಳಿಯುವಂಥದ್ದಾಗಿರಬೇಕು, ಮತ್ತು ಅದರಿಂದಾಗಿ ಕೆಲವರು ಹೆಚ್ಚು ಮರಿಗಳನ್ನು, ಕೆಲವರು ಕಡಿಮೆ ಮರಿಗಳನ್ನು ಬಿಟ್ಟುಹೋಗಬೇಕು. ಇದರಲ್ಲಿ ಎಲ್ಲಿಯೂ ಹಕ್ಕಿಯ ಇಚ್ಛೆಗೆ ಜಾಗವಿಲ್ಲ.

ಈ ವಿಷಯದಲ್ಲಿ ನಾನು ನಿನ್ನನ್ನು ಗದರಿಸುವ ಸ್ಥಿತಿಯಲ್ಲಿ ಇಲ್ಲ. ನಾನು ಮೇಷ್ಟ್ರಾಗಿದ್ದ ಹೊಸದರಲ್ಲಿ, ಜಿರಾಫೆ ಎತ್ತರದ ಎಲೆಗಳಿಗಾಗಿ ಕತ್ತು ಚಾಚಿ ಚಾಚಿ ಉದ್ದ ಮಾಡಿಕೊಂಡಿತೆಂಬ ಲಾಮಾರ್ಕನ ವಿವರಣೆ ಏಕೆ ತಪ್ಪೆಂದು ಅರ್ಧ ಗಂಟೆ ವಿವರಿಸಿ, ಅದೇ ಉಸಿರಿನಲ್ಲಿ ‘ಕೀಟಗಳು ಕೀಟನಾಶಕಕ್ಕೆ ಹೊಂದಿಕೊಂಡವು’ ಎಂದುಬಿಟ್ಟೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ‘ಹಾಗಾದರೆ ಲಾಮಾರ್ಕ್ ಹೇಳಿದ್ದೂ ಅದೇ ಅಲ್ಲವೇ ಸಾರ್?’ ಎಂದು ಕೇಳಿದ. ಅವನನ್ನು ಕೂರಿಸಿದೆನೇ ಹೊರತು ಉತ್ತರ ಕೊಡಲಿಲ್ಲ. ಆ ಸಣ್ಣತನ ಇವತ್ತಿಗೂ ನನಗೆ ನೆನಪಿದೆ, ಆ ಹುಡುಗನಿಗೂ ನೆನಪಿರಬಹುದು.

ಅವನಿಗೆ ಅಂದು ಕೊಡಬೇಕಾಗಿದ್ದ ಉತ್ತರ ಒಂದು ತುಂಡು ಮಖಮಲ್ಲಿನ ಬಟ್ಟೆಯಲ್ಲಿತ್ತು. ಬ್ಯಾಕ್ಟೀರಿಯಾಗಳು ಔಷಧಿ ತಗುಲಿದ ಮೇಲೆ ಅದನ್ನು ತಡೆದುಕೊಳ್ಳುವ ಶಕ್ತಿಯನ್ನು ಪಡೆಯುತ್ತವೆಯೋ, ಅಥವಾ ಅಂಥ ಶಕ್ತಿಯುಳ್ಳ ಕೆಲವು ಮೊದಲೇ ಗುಂಪಿನಲ್ಲಿದ್ದು ಔಷಧಿ ಬಂದಾಗ ಅವು ಮಾತ್ರ ಉಳಿಯುತ್ತವೆಯೋ ಎಂಬುದು ಬಹುಕಾಲ ಬಗೆಹರಿಯದ ಪ್ರಶ್ನೆಯಾಗಿತ್ತು. 1943ರಲ್ಲಿ ಲೂರಿಯಾ ಮತ್ತು ಡೆಲ್‌ಬ್ರೂಕ್ ಎಂಬ ಇಬ್ಬರು, ಔಷಧಿಯ ಬದಲು ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ವೈರಸ್ ಬಳಸಿ, ಇದನ್ನು ಗಣಿತದ ದಾರಿಯಿಂದ ಬಗೆಹರಿಸಿದರು. ಅದು ಸೊಗಸಾದ ಕೆಲಸ, ಆದರೆ ಮಕ್ಕಳಿಗೆ ಹೇಳಲು ಕಷ್ಟ. 1952ರಲ್ಲಿ ಜೋಶುವಾ ಮತ್ತು ಎಸ್ತರ್ ಲೆಡರ್‌ಬರ್ಗ್ ದಂಪತಿಗಳು ಮಾಡಿದ್ದನ್ನು ಮಾತ್ರ ಯಾವ ಮಗುವಿಗಾದರೂ ಹೇಳಬಹುದು. ಔಷಧಿಯಿಲ್ಲದ ತಟ್ಟೆಯೊಂದರಲ್ಲಿ ಬ್ಯಾಕ್ಟೀರಿಯಾಗಳನ್ನು ಬೆಳೆಸಿ, ಅದರ ಮೇಲೆ ಮಖಮಲ್ಲು ಸುತ್ತಿದ ದಿಂಡನ್ನು ಮೆಲ್ಲಗೆ ಒತ್ತಿದರು. ಮುದ್ರೆಗೆ ಮಸಿ ಅಂಟುವಂತೆ ಬಟ್ಟೆಯ ನವಿರಿಗೆ ಬ್ಯಾಕ್ಟೀರಿಯಾಗಳು ಅಂಟಿದವು. ಅದೇ ಮುದ್ರೆಯನ್ನು ಸ್ಟ್ರೆಪ್ಟೋಮೈಸಿನ್ ಬೆರೆಸಿದ ಹಲವು ತಟ್ಟೆಗಳ ಮೇಲೆ ಒಂದೊಂದಾಗಿ ಒತ್ತಿದರು. ಔಷಧಿಯ ತಟ್ಟೆಗಳಲ್ಲಿ ಬಹುಪಾಲು ಎಲ್ಲವೂ ಸತ್ತು, ಅಲ್ಲೊಂದು ಇಲ್ಲೊಂದು ಚುಕ್ಕೆಯಂತೆ ಕೆಲವು ಬೆಳೆದವು, ಮತ್ತು ಎಲ್ಲ ತಟ್ಟೆಗಳಲ್ಲೂ ಆ ಚುಕ್ಕೆಗಳಿದ್ದದ್ದು ಒಂದೇ ಜಾಗದಲ್ಲಿ! ಔಷಧಿ ತಗುಲಿದ ಮೇಲೆ ಹುಟ್ಟಿದ ಶಕ್ತಿಯಾಗಿದ್ದರೆ ಒಂದೊಂದು ತಟ್ಟೆಯಲ್ಲಿ ಒಂದೊಂದು ಕಡೆ ಕಾಣಬೇಕಿತ್ತು. ಕೊನೆಗೆ ಔಷಧಿಯನ್ನೇ ಕಾಣದ ಮೊದಲ ತಟ್ಟೆಗೆ ಹಿಂತಿರುಗಿ, ಅದೇ ಜಾಗದಿಂದ ತೆಗೆದು ಬೆಳೆಸಿ, ಮತ್ತೆ ಮತ್ತೆ ಹಾಗೆಯೇ ಆರಿಸುತ್ತ ಹೋದಾಗ, ಒಂದು ಸಲವೂ ಔಷಧಿಯ ಸೋಂಕಿಲ್ಲದೆಯೇ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಕೈಗೆ ಸಿಕ್ಕವು.

ವ್ಯತ್ಯಾಸ ಮೊದಲು, ಪರೀಕ್ಷೆ ಆಮೇಲೆ. ಈ ಕ್ರಮವನ್ನು ತಲೆಕೆಳಗು ಮಾಡದಂತೆ ಬರೆಯುವುದಷ್ಟೇ ನಾನು ನಿನ್ನಿಂದ ಕೇಳುತ್ತಿರುವುದು. ‘ಅವನ ಮೈ ಆ ಔಷಧಿಗೆ ಒಗ್ಗಿಹೋಗಿದೆ, ಅದಕ್ಕೇ ನಾಟುತ್ತಿಲ್ಲ’ ಎಂದು ಓದಿದವರೂ ಹೇಳುವುದನ್ನು ಕೇಳಿದ್ದೀಯೆ. ಆಂಟಿಬಯಾಟಿಕ್ ನಾಟದೆ ಹೋಗುವುದು ರೋಗಿಯ ಮೈ ಒಗ್ಗಿದ್ದರಿಂದಲ್ಲ. ಆ ಮೈಯಲ್ಲಿರುವ ಬ್ಯಾಕ್ಟೀರಿಯಾಗಳ ಗುಂಪೇ ಬೇರೆಯಾಗಿರುವುದರಿಂದ. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರಲ್ಲಿ ತನ್ನ ನೊಬೆಲ್ ಭಾಷಣದಲ್ಲಿಯೇ ಈ ಅಪಾಯದ ಬಗ್ಗೆ ಎಚ್ಚರಿಸಿದ್ದ.

ನಮ್ಮ ಪದಗಳೇ ಇಲ್ಲಿ ನಮ್ಮ ಕಾಲಿಗೆ ತೊಡರುತ್ತವೆ ಎಂಬುದನ್ನೂ ಹೇಳಬೇಕು. ‘ವಿಕಾಸ’ ಎಂದರೆ ಅರಳುವುದು. ಮೊಗ್ಗಿನೊಳಗೆ ಹೂವಿನ ರೂಪ ಮೊದಲೇ ಮಡಚಿ ಕುಳಿತಿರುತ್ತದೆ, ಆದರೆ ಜೀವಿಗಳೊಳಗೆ ಮುಂದಿನ ಜೀವಿಗಳ ರೂಪ ಹಾಗೆ ಕಾದು ಕುಳಿತಿಲ್ಲ. ‘ಆಯ್ಕೆ’ ಎಂದ ಕೂಡಲೇ ಆಯುವ ಕೈಯೊಂದು ಕಣ್ಣಮುಂದೆ ಬರುತ್ತದೆ. ಡಾರ್ವಿನ್ ಆ ಪದವನ್ನು ತಂದದ್ದು ಪಾರಿವಾಳ, ದನಕರುಗಳ ತಳಿ ಬೆಳೆಸುವವರ ಕಸುಬಿನಿಂದ; ಅವನೇ ಪಾರಿವಾಳಗಳನ್ನು ಸಾಕಿ ನೋಡಿದವನು. ತಳಿಗಾರನಿಗೆ ನಿಜವಾಗಿಯೂ ಕೈಯಿದೆ, ಕಣ್ಣಿದೆ, ಮನಸ್ಸಿನಲ್ಲೊಂದು ಗುರಿಯಿದೆ. ನಿಸರ್ಗಕ್ಕೆ ಇವಾವುವೂ ಇಲ್ಲ. ಡಾರ್ವಿನ್ನನ ಜೊತೆಗೇ ಇದೇ ತತ್ತ್ವವನ್ನು ಸ್ವತಂತ್ರವಾಗಿ ಕಂಡುಕೊಂಡವನು ವ್ಯಾಲೆಸ್. 1858ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಇಬ್ಬರ ಬರಹಗಳನ್ನೂ ಒಟ್ಟಿಗೇ ಓದಲಾಯಿತು. ಅದೇ ವ್ಯಾಲೆಸ್‌ಗೆ ಈ ಪದದ ಮೇಲೆ ಅಸಮಾಧಾನವಿತ್ತು. ಆರಿಸುವ ವ್ಯಕ್ತಿಯೊಬ್ಬನಿದ್ದಾನೆಂದು ಜನ ತಪ್ಪು ತಿಳಿಯುತ್ತಾರೆ, ಹರ್ಬರ್ಟ್ ಸ್ಪೆನ್ಸರನ ‘ಯೋಗ್ಯತಮದ ಉಳಿವು’ ಎಂಬ ಮಾತನ್ನು ಬಳಸು ಎಂದು 1866ರಲ್ಲಿ ಅವನು ಡಾರ್ವಿನ್ನನಿಗೆ ಬರೆದ. ಡಾರ್ವಿನ್ ಒಪ್ಪಿ, ತನ್ನ ‘ಆರಿಜಿನ್ ಆಫ್ ಸ್ಪೀಷೀಸ್’ ಪುಸ್ತಕದ 1869ರ ಐದನೆಯ ಆವೃತ್ತಿಯಲ್ಲಿ ಅದನ್ನು ಸೇರಿಸಿದ. ನನ್ನನ್ನು ಕೇಳಿದರೆ, ಬಾಣಲೆಯಿಂದ ಬೆಂಕಿಗೆ ಬಿದ್ದಂತಾಯಿತು, ಏಕೆಂದರೆ ‘ಯೋಗ್ಯ’ ಎಂಬ ಮಾತು ಬಲಶಾಲಿ, ಉತ್ತಮ ಎಂಬ ಅರ್ಥಗಳನ್ನು ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ. ಮಕ್ಕಳೆದುರು ಜರಡಿಯ ಹೋಲಿಕೆ ಬಳಸು. ಜರಡಿ ಕಾಳನ್ನು ಇಷ್ಟಪಡುವುದೂ ಇಲ್ಲ, ಹೊಟ್ಟನ್ನು ದ್ವೇಷಿಸುವುದೂ ಇಲ್ಲ. ಅದರ ಕಣ್ಣಿನ ಅಳತೆ ಇದ್ದಂತೆ ನಿಲ್ಲುವುದು ನಿಲ್ಲುತ್ತದೆ, ಇಳಿಯುವುದು ಇಳಿಯುತ್ತದೆ.

ಆ ಜರಡಿ ಬದಲಾಗುತ್ತಲೂ ಇರುತ್ತದೆ ಎಂಬುದು ನಿನ್ನ ಕರಡಿನಲ್ಲಿ ಬಿಟ್ಟುಹೋಗಿದೆ. ಅದೇ ಡಾಫ್ನೆ ದ್ವೀಪದಲ್ಲಿ 1983ರಲ್ಲಿ ಎಲ್ ನಿನ್ಯೋದಿಂದಾಗಿ ಮಳೆ ಧಾರಾಕಾರವಾಗಿ ಸುರಿಯಿತು. ಬಳ್ಳಿಗಳು ಹಬ್ಬಿ ಮುಳ್ಳುಕಾಯಿಯ ಗಿಡಗಳನ್ನು ಮುಚ್ಚಿಹಾಕಿದವು, ಸಣ್ಣ ಬೀಜಗಳು ರಾಶಿಯಾದವು, ಮುಂದಿನ ಒಣಗಾಲದಲ್ಲಿ ಚಿಕ್ಕ ಕೊಕ್ಕಿನವೇ ಹೆಚ್ಚಾಗಿ ಬದುಕಿದವು. ಆರೇಳು ವರ್ಷದ ಹಿಂದೆ ಜೀವ ಉಳಿಸಿದ್ದ ದಪ್ಪ ಕೊಕ್ಕು ಈಗ ಭಾರವಾಯಿತು. ಇದನ್ನು ಓದಿದ ಮೇಲೆ ‘ಮೇಲ್ಮಟ್ಟದ ಜೀವಿ, ಕೆಳಮಟ್ಟದ ಜೀವಿ’ ಎಂದು ಎರಡನೆಯ ಪುಟದಲ್ಲಿ ನೀನು ಬರೆದ ಏಣಿಯನ್ನು ನೀನೇ ತೆಗೆದುಹಾಕುತ್ತೀಯೆ ಎಂದು ನಂಬುತ್ತೇನೆ.

ಇನ್ನೊಂದು ಉದಾಹರಣೆಯನ್ನು ನಿನ್ನ ಪಾಠಕ್ಕೆ ಸೇರಿಸೆಂದು ಕೇಳುತ್ತೇನೆ. ಮೊಜಾಂಬಿಕ್ ದೇಶದ ಗೊರೊಂಗೋಸಾ ಅರಣ್ಯದಲ್ಲಿ 1977ರಿಂದ 1992ರವರೆಗಿನ ಅಂತರ್ಯುದ್ಧದ ಕಾಲದಲ್ಲಿ ದಂತಕ್ಕಾಗಿ, ಮಾಂಸಕ್ಕಾಗಿ ಆನೆಗಳನ್ನು ಕೊಂದು, ಅವುಗಳ ಸಂಖ್ಯೆ 100ಕ್ಕೆ 90ಕ್ಕೂ ಹೆಚ್ಚು ಕುಸಿಯಿತು. ಆಫ್ರಿಕಾದ ಆನೆಗಳಲ್ಲಿ ಹೆಣ್ಣಿಗೂ ದಂತವಿರುತ್ತದೆ. ದಂತವಿಲ್ಲದ ಹೆಣ್ಣುಗಳು ಅಲ್ಲಿ ಮೊದಲು 100ಕ್ಕೆ ಸುಮಾರು 18 ಇದ್ದವು, ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 50 ಆದವು. ‘ಬೇಟೆಗಾರರಿಂದ ತಪ್ಪಿಸಿಕೊಳ್ಳಲು ಆನೆಗಳು ದಂತವನ್ನೇ ಬಿಟ್ಟುಕೊಟ್ಟವು’ ಎಂದು ಬರೆಯಲು ಕೈ ತುರಿಸುತ್ತದೆ, ಅಲ್ಲವೇ? ಆದರೆ 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದ್ದನ್ನು ನೋಡು. ದಂತವಿಲ್ಲದಿರುವ ಈ ಗುಣ, ಹೆಣ್ಣಿನಲ್ಲಿ ಎರಡು, ಗಂಡಿನಲ್ಲಿ ಒಂದೇ ಇರುವ ಎಕ್ಸ್ ಕ್ರೋಮೋಸೋಮಿನ ಮೂಲಕ ಬರುವಂಥದ್ದು, ಮತ್ತು ಅದನ್ನು ಪಡೆದ ಗಂಡು ಭ್ರೂಣಗಳು ಹುಟ್ಟುವ ಮೊದಲೇ ಸಾಯುತ್ತವೆಂದು ಎಲ್ಲ ಕುರುಹುಗಳೂ ಸೂಚಿಸುತ್ತವೆ. ತಾಯಿಯನ್ನು ಗುಂಡಿನಿಂದ ಉಳಿಸಿದ್ದೇ ಅವಳ ಗಂಡುಮರಿಗಳಲ್ಲಿ ಅರ್ಧದಷ್ಟನ್ನು ಹೊಟ್ಟೆಯಲ್ಲೇ ಕೊಲ್ಲುತ್ತದೆ. ಯೋಚಿಸಿ ಆರಿಸುವವರು ಯಾರೇ ಆಗಿದ್ದರೂ ಇಂಥ ಪರಿಹಾರವನ್ನು ಆರಿಸುತ್ತಿರಲಿಲ್ಲ. ಆದರೆ ಅಲ್ಲಿ ಆ ಹೊತ್ತಿನಲ್ಲಿ ಇದ್ದ ವ್ಯತ್ಯಾಸ ಅದು, ಮತ್ತು ಬಂದೂಕಿನ ಜರಡಿಯಲ್ಲಿ ನಿಂತದ್ದು ಅದು.

ಜಿರಾಫೆಯ ಮಾತು ಬಂದದ್ದರಿಂದ ಅದರ ಕತ್ತಿನೊಳಗಿನ ಒಂದು ನರವನ್ನೂ ನೆನಪಿಸುತ್ತೇನೆ. ಮಿದುಳಿನಿಂದ ಧ್ವನಿಪೆಟ್ಟಿಗೆಗೆ ಹೋಗಬೇಕಾದ ಎಡಗಡೆಯ ಈ ನರ, ಸುಮಾರು 2 ಮೀಟರ್ ಉದ್ದದ ಕತ್ತನ್ನು ಪೂರ್ತಿ ಇಳಿದು, ಹೃದಯದ ಬಳಿಯ ಮಹಾಪಧಮನಿಯನ್ನು ಸುತ್ತಿ, ಮತ್ತೆ ಅಷ್ಟೂ ದೂರ ಮೇಲೇರಿ ಗಂಟಲನ್ನು ಸೇರುತ್ತದೆ. ಕತ್ತೇ ಇಲ್ಲದ ಮೀನಿನಂಥ ಪೂರ್ವಜರಲ್ಲಿ ಇದು ಕಿವಿರಿಗೆ ಹೋಗುವ ನೇರ ದಾರಿಯಾಗಿತ್ತು. ಪೀಳಿಗೆ ಪೀಳಿಗೆಗೂ ಕತ್ತು ಇಷ್ಟಿಷ್ಟೇ ಉದ್ದವಾದಂತೆ ನರವೂ ಇಷ್ಟಿಷ್ಟೇ ಉದ್ದವಾಯಿತು. ಕಿತ್ತು ಹೊಸ ದಾರಿಯಲ್ಲಿ ಹಾಕುವವರು ಯಾರೂ ಇರಲಿಲ್ಲ. ನಮ್ಮ ನಿಮ್ಮ ಕತ್ತಿನಲ್ಲೂ ಅದು ಹೀಗೆಯೇ ಸುತ್ತಿ ಬಂದಿದೆ.

ಇಷ್ಟು ಹೇಳಿದ ಮೇಲೆ ಮೂರನೆಯ ಪುಟದ ವಾಕ್ಯವನ್ನು ನಾನು ತಿದ್ದಿದ ರೀತಿ ಇದು: ‘ಆ ಹಕ್ಕಿಗಳಲ್ಲಿ ಕೆಲವಕ್ಕೆ ಹುಟ್ಟಿನಿಂದಲೇ ಕೊಕ್ಕು ದಪ್ಪಗಿತ್ತು. ಬರಗಾಲದಲ್ಲಿ ಗಟ್ಟಿ ಕಾಯಿಗಳು ಮಾತ್ರ ಉಳಿದಾಗ ಅವನ್ನು ಒಡೆಯಲಾಗದ ಹಕ್ಕಿಗಳು ಹೆಚ್ಚಾಗಿ ಸತ್ತವು. ಬದುಕಿದವುಗಳ ಮರಿಗಳಿಗೆ ತಾಯಿತಂದೆಯರ ದಪ್ಪ ಕೊಕ್ಕು ಬಂತು.’ ಒಂದು ವಾಕ್ಯ ಮೂರಾಯಿತೆಂದು ಗೊಣಗಬೇಡ. ಐದನೆಯ ಪುಟದಲ್ಲಿ ‘ಬ್ಯಾಕ್ಟೀರಿಯಾಗಳು ಔಷಧಿಯನ್ನು ಎದುರಿಸಲು ಕಲಿತುಕೊಂಡವು’ ಎಂದಿದೆ. ಅದರ ಕೆಳಗೆ ನಾನು ಗೆರೆ ಎಳೆದಿಲ್ಲ. ಅದನ್ನು ನೀನೇ ತಿದ್ದಿ, ಮರುಪತ್ರದಲ್ಲಿ ಕಳಿಸು.

ಇತಿ ನಿನ್ನ ಪ್ರೀತಿಯ
ದೊಡ್ಡಪ್ಪ