ಪ್ಯಾಕೆಟ್ ಕೊಟ್ಟರೆ ಸಾಲದು, ಬಳಸುವುದನ್ನೂ ಹೇಳಿಕೊಡಿ

ಮಾನ್ಯ ಸಂಪಾದಕರೇ,

‘ಕಾಂಡೋಮ್ ಹಾಕಿದ್ರೂ ಬಸಿರಾಯ್ತು, ಇನ್ನು ಅದನ್ನ ನಂಬೋದು ಹೇಗೆ?’ ಮೂವತ್ತು ವರ್ಷ ನರ್ಸ್ ಆಗಿ ದುಡಿದ ನಾನು ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೀಗೆ ಕೇಳಿದವರನ್ನು ಗದರಿಸಿ ಕಳಿಸುವುದನ್ನೂ ನೋಡಿ ನೊಂದಿದ್ದೇನೆ.

ಚಿಕ್ಕ ವಯಸ್ಸಿನ ಒಂದು ಜೋಡಿ ನೆನಪಾಗುತ್ತದೆ. ಹೆಂಡತಿ ತಲೆ ತಗ್ಗಿಸಿ ಕೂತಿದ್ದಳು. ಗಂಡ ‘ಒಂದು ಸಲವೂ ತಪ್ಪಿಸಿಲ್ಲ ಸಿಸ್ಟರ್’ ಎಂದು ಪರ್ಸ್‌ನಿಂದ ಪ್ಯಾಕೆಟ್ ತೆಗೆದು ತೋರಿಸಿದ. ಅದರ ಅಂಚು ಸವೆದು ಬೆಳ್ಳಗಾಗಿತ್ತು. ಒಳಗಿನ ಉಂಗುರದ ಗುರುತು ಪರ್ಸಿನ ಚರ್ಮದ ಮೇಲೂ ಮೂಡಿತ್ತು. ತಾರೀಖು ಅಳಿಸಿಹೋಗಿತ್ತು. ಒತ್ತಿ ನೋಡಿದರೆ ಒಳಗೆ ಗಾಳಿಯೇ ಇಲ್ಲ. ಅಂದರೆ ಪ್ಯಾಕೆಟ್ ಎಲ್ಲೋ ತೂತಾಗಿದೆ. ಹಲ್ಲಲ್ಲಿ ಕಚ್ಚಿ ಹರಿಯುತ್ತಿದ್ದನಂತೆ. ಜಾರಲಿ ಅಂತ ತಲೆಗೆ ಹಚ್ಚುವ ಎಣ್ಣೆ ಸವರುತ್ತಿದ್ದನಂತೆ. ಎಣ್ಣೆ ತಗುಲಿದರೆ ಲೇಟೆಕ್ಸ್, ಅಂದರೆ ಕಾಂಡೋಮಿನ ರಬ್ಬರ್, ಕೆಲವೇ ನಿಮಿಷದಲ್ಲಿ ಬಲ ಕಳೆದುಕೊಳ್ಳುತ್ತದೆ. ಪೆಟ್ರೋಲಿಯಂ ಜೆಲ್ಲಿಯೂ ಹಾಗೇ. ಬೇಕಿದ್ದರೆ ನೀರಿನಂಶದ ಜೆಲ್ ಹಚ್ಚಬೇಕು. ಪಾಪ, ಇದನ್ನೆಲ್ಲ ಅವನಿಗೆ ಯಾರೂ ಹೇಳಿರಲಿಲ್ಲ.

ಪ್ರತಿ ಸಲವೂ ಸರಿಯಾಗಿ ಬಳಸಿದರೆ ವರ್ಷದಲ್ಲಿ 100 ಹೆಂಗಸರಲ್ಲಿ ಸುಮಾರು 2 ಜನ ಬಸಿರಾಗುತ್ತಾರೆ. ಜನ ಸಾಮಾನ್ಯವಾಗಿ ಬಳಸುವ ರೀತಿಯಲ್ಲಿ ಅದು ಸುಮಾರು 13 ಆಗುತ್ತದೆ. ಈ ವ್ಯತ್ಯಾಸ ರಬ್ಬರಿನದ್ದಲ್ಲ. ಹಾಕುವಾಗ, ತೆಗೆಯುವಾಗ, ‘ಇವತ್ತೊಂದು ದಿನ ಬೇಡ ಬಿಡು’ ಅನ್ನುವಾಗ ಆದದ್ದು.

ಅವತ್ತು ನನ್ನ ಎರಡು ಬೆರಳು ಜೋಡಿಸಿ ಹಾಕಿ ತೋರಿಸಿದೆ. ಕೂಡುವ ಮೊದಲೇ ಹಾಕಬೇಕು. ತುದಿ ಹಿಂಡಿ ಗಾಳಿ ತೆಗೆದು ಬುಡದವರೆಗೂ ಬಿಡಿಸಬೇಕು. ವೀರ್ಯ ಬಂದ ಮೇಲೆ, ಮೆತ್ತಗಾಗುವ ಮುಂಚೆಯೇ ಬುಡ ಹಿಡಿದು ಹೊರಗೆ ತೆಗೆಯಬೇಕು. ಒಂದರ ಮೇಲೊಂದು ಹಾಕಲೇಬಾರದು. ಹೇಳಿ ಮುಗಿಸಲು ಎರಡು ನಿಮಿಷ ಸಾಕಾಯಿತು.

ಆಗ ಆ ಹುಡುಗಿ ಮೊದಲ ಸಲ ತಲೆ ಎತ್ತಿ ಕೇಳಿದಳು, ‘ಹರಿದು ಹೋದ್ರೆ?’ ಎಷ್ಟು ಸರಿಯಾದ ಪ್ರಶ್ನೆ! ಬಸಿರು ತಡೆಯುವ ತುರ್ತು ಮಾತ್ರೆಯನ್ನು 72 ಗಂಟೆಯೊಳಗೆ ತಗೋಬೇಕು, ಬೇಗ ತಗೊಂಡಷ್ಟೂ ಒಳ್ಳೆಯದು. ಎಚ್‌ಐವಿ ಭಯವಿದ್ದರೆ ಅದನ್ನು ತಡೆಯುವ ಔಷಧಿ ಶುರು ಮಾಡಲೂ 72 ಗಂಟೆಯೇ ಗಡುವು, ತಕ್ಷಣ ಡಾಕ್ಟರ ಹತ್ತಿರ ಓಡಬೇಕು. ಬಸಿರು ತಡೆಯಲು ಮಾತ್ರೆ, ಕಾಪರ್-ಟಿ ಇವೆ. ಆದರೆ ಅವು ಎಚ್‌ಐವಿಯನ್ನಾಗಲಿ ಗನೋರಿಯಾದಂಥ ಲೈಂಗಿಕ ರೋಗವನ್ನಾಗಲಿ ತಡೆಯುವುದಿಲ್ಲ. ಎರಡೂ ಕೆಲಸ ಮಾಡುವುದು ಕಾಂಡೋಮ್ ಒಂದೇ.

ಪ್ಯಾಕೆಟ್ ಕೊಡುವವರು ಆ ಎರಡು ನಿಮಿಷ ಕೊಡಲಿ ಅನ್ನುವುದು ನನ್ನ ಬೇಡಿಕೆ. ನಿಮ್ಮ ಆರೋಗ್ಯ ಪುಟದಲ್ಲೂ ಇದನ್ನು ಚಿತ್ರ ಸಮೇತ ಹಾಕಿ. ಮನೆಯಲ್ಲಿ ಮಕ್ಕಳು ನೋಡುತ್ತಾರೆ ಅಂತ ಹಿಂಜರಿಯಬೇಡಿ, ನಾಳೆ ಬೇಕಾಗುವುದು ಅವರಿಗೇ ಅಲ್ವಾ? ಹಾಕುವ ಚಿತ್ರದ ಜೊತೆ ತೆಗೆಯುವ ಚಿತ್ರವೂ ಇರಲಿ. ಅದನ್ನು ಹೇಳುವುದೇ ಮರೆತುಹೋಗುತ್ತದೆ.

– ಒಬ್ಬ ನಿವೃತ್ತ ನರ್ಸ್