12 ಮರಿಯ ತಾಯಿ

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಓದಿ ಸಂತೋಷವಾಯಿತು. ಬಿಳಿ ಮೊಲ ಒಂದೇ ಸೂಲಿಗೆ 12 ಮರಿ ಹಾಕಿದೆ, ಅದರ ಹೆಣ್ಣು ಮರಿಗಳನ್ನೆಲ್ಲ ತಳಿಗೆ ಉಳಿಸಿಕೊಳ್ಳುತ್ತೇನೆ ಅಂತ ಬರೆದಿದ್ದೀಯ. ಸ್ವಲ್ಪ ತಡಿ ಮಗು. ನಿನ್ನ ವಯಸ್ಸಿನಲ್ಲಿ ನಾನೂ ಹೀಗೇ ಮಾಡಿದ್ದೆ. 11 ಮರಿ ಹಾಕಿದ ತಾಯಿಯ ಐದು ಹೆಣ್ಣುಗಳನ್ನು ಬೆಳೆಸಿದೆ. ಒಂದೊಂದು ಈದಾಗಲೂ ಗೂಡಿನ ತುಪ್ಪಳ ಸರಿಸಿ, ಕಣ್ಣು ಬಿಡದ ಬೆಚ್ಚನೆಯ ಮರಿಗಳನ್ನು ಬೆರಳಲ್ಲಿ ಮುಟ್ಟಿ ಎಣಿಸಿದರೆ ಆರು, ಏಳು, ಮತ್ತೆ ಆರು. ಆ ತಾಯಿಯೇ ಮುಂದಿನ ಸೂಲಿಗೆ ಏಳಕ್ಕೆ ಇಳಿಯಿತು. ಬಹಳ ನೊಂದುಕೊಂಡೆ. ಲೆಕ್ಕ ಗೊತ್ತಿರಲಿಲ್ಲ.

ಎಷ್ಟು ಅಂಡ ಬಿಡುಗಡೆಯಾಯಿತು, ಎಷ್ಟು ಭ್ರೂಣ ಗರ್ಭಕ್ಕೆ ಕಚ್ಚಿಕೊಂಡಿತು, ಸುಮಾರು 31 ದಿನ ಎಷ್ಟು ಉಳಿದು ಬಂತು, ಇಷ್ಟೂ ಸೇರಿ ಮರಿಗಳ ಸಂಖ್ಯೆ. ಒಂದೊಂದರ ಹಿಂದೆಯೂ ಹತ್ತಾರು ಜೀನ್‌ಗಳಿವೆ. ಅದರ ಮೇಲೆ ಮೇವು, ಬಿಸಿಲು, ತಾಯಿಯ ವಯಸ್ಸು, ಗಂಡಿಗೆ ಬಿಟ್ಟಾಗ ಅದು ಹಾಲೂಡುತ್ತಿತ್ತೇ ಅನ್ನುವುದು. ಮೊಲದಿಂದ ಮೊಲಕ್ಕೆ ಕಾಣುವ ಈ ವ್ಯತ್ಯಾಸದಲ್ಲಿ ವಂಶದಿಂದ ಇಳಿದು ಬರುವ ಪಾಲು ಸರಿಸುಮಾರು ಶೇ 10 ಮಾತ್ರ.

ಹಿಂಡಿನ ಸರಾಸರಿ 7 ಅಂದುಕೋ. ನಿನ್ನ ಮೊಲದ್ದು 5 ಹೆಚ್ಚು. ಅದರಲ್ಲಿ ಹತ್ತನೇ ಒಂದು ಪಾಲು ಅರ್ಧ ಮರಿ, ಮಗಳಿಗೆ ತಾಯಿಯಿಂದ ಬರುವುದು ಅದರಲ್ಲಿ ಅರ್ಧ. ಅಂದರೆ ಕಾಲು ಮರಿ! ಇನ್ನೊಂದು ಮೊಲ ನಾಲ್ಕು ಸೂಲಿನಲ್ಲಿ ಸರಾಸರಿ 9 ಹಾಕಿದ್ದರೆ, ಅದರದ್ದು 2 ಮಾತ್ರ ಹೆಚ್ಚಾದರೂ ಅದರ ಮಗಳಿಗೂ ಹೆಚ್ಚುಕಮ್ಮಿ ಅಷ್ಟೇ ಸಿಗುತ್ತದೆ. ನಾಲ್ಕು ಸೂಲಿನ ಸರಾಸರಿಯಲ್ಲಿ ಅದೃಷ್ಟದ ಪಾಲು ಕಡಿಮೆ, ವಂಶದ ಪಾಲು ಹೆಚ್ಚು. ಸದ್ದಿಲ್ಲದೆ ಒಂಬತ್ತೊಂಬತ್ತು ಹಾಕುವ ಆ ಮೊಲ ನಿನ್ನ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ. ಹೋಗಿ ಹುಡುಕು.

ಸ್ಪೇನಿನ ವೆಲೆನ್ಸಿಯಾದ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದವರು ಹಾಲು ಬಿಡಿಸುವಾಗ ಉಳಿದಿರುವ ಮರಿಗಳ ಲೆಕ್ಕ ಹಿಡಿದು ದಶಕಗಳಿಂದ ತಳಿ ಆರಿಸುತ್ತಾ ಬಂದಿದ್ದಾರೆ. ಅವರಿಗೂ ಒಂದು ಪೀಳಿಗೆಗೆ ದಕ್ಕಿದ್ದು ಸುಮಾರು 0.1 ಮರಿ. ನಿನಗೆ ನಿಧಾನವಾದರೆ ಬೇಸರಪಡಬೇಡ.

ಗಂಡನ್ನು ಮರೆಯಬೇಡ. ಅದು ಈಯುವುದಿಲ್ಲ, ಆದರೆ ಮಗಳ ಅರ್ಧ ಜೀನ್ ಅದರದ್ದೇ. ಅದರ ತಾಯಿ, ಅಕ್ಕತಂಗಿಯರ ಲೆಕ್ಕ ಕೇಳದೆ ತರಬೇಡ. ಅಣ್ಣತಂಗಿಯರನ್ನು ಕೂಡಿಸಿದರಂತೂ ಮರಿ ಕಡಿಮೆಯಾಗುವ ಸಾಧ್ಯತೆ ಹೆಚ್ಚು.

ಈಗ ಆ 12 ಮರಿಗಳ ವಿಷಯ. ಮೊಲೆ ಇರುವುದು ಎಂಟೋ ಹತ್ತೋ, ಹಾಲೂಡುವುದು ದಿನಕ್ಕೆ ಸಾಮಾನ್ಯವಾಗಿ ಒಂದೇ ಸಲ, ಕೆಲವೇ ನಿಮಿಷ. ಗುಂಪಿನಲ್ಲಿ ಹಾಲು ಸಾಲದೆ ಸೊರಗಿದ ಹೆಣ್ಣು ಮುಂದೆ ತಾನು ಈಯುವಾಗಲೂ ಹಿಂದೆ ಬೀಳಬಹುದು. ಅದೇ ದಿನಗಳಲ್ಲಿ ಈದ ಬೇರೆ ತಾಯಿ ಇದ್ದರೆ ಇವತ್ತೇ ನಾಲ್ಕನ್ನು ಅದರ ಗೂಡಿಗೆ ಸೇರಿಸು. ಯಾವ ತಾಯಿಯದು ಅಂತ ಗುರುತು ಹಾಕಿಡು. ಒಂದು ನೋಟ್‌ಬುಕ್ ತೆರೆದು ಸೂಲಿನ ಸಂಖ್ಯೆ, ಹುಟ್ಟಿದ್ದು, ಬದುಕಿದ್ದು, ಹಾಲು ಬಿಡಿಸುವಾಗ ಉಳಿದದ್ದು ಬರೆ. ಈ ತಾಯಿಯ ಇನ್ನೆರಡು ಸೂಲಾದ ಮೇಲೆ ಆ ಪುಟ ನನಗೆ ಕಳಿಸು, ಕೂತು ನೋಡುತ್ತೇನೆ.

ನಿನ್ನ ದೊಡ್ಡಪ್ಪ