ಸಿಹಿಗೆ ಈರುಳ್ಳಿ ಹಾಕುವ ಊರಿನಿಂದ

ಸೈಗಾನ್, ವಿಯೆಟ್ನಾಂ,
ಭಾನುವಾರ ಸಂಜೆ

ಪ್ರೀತಿಯ ಅಮ್ಮನಿಗೆ ನಮಸ್ಕಾರ.

ನಾವೆಲ್ಲ ಆರಾಮ. ಫೋನಿನಲ್ಲಿ ಅಡುಗೆ ಹೇಳಿದರೆ ಅರ್ಧ ಕೇಳಿ "ಬರೆದು ಕಳಿಸೇ" ಅಂತೀಯಲ್ಲ, ಅದಕ್ಕೇ ಈ ಕಾಗದ.

ಕೆಳಗಿನ ಮನೆಯ ಅಜ್ಜಿಯ ಪುಟ್ಟ ಮೊಮ್ಮಗಳು ಹುಟ್ಟಿ ಮೊನ್ನೆಗೆ ಒಂದು ತಿಂಗಳು ತುಂಬಿತು. ಅವತ್ತು ಇಲ್ಲಿ ದೇವರಿಗೆ ಇಟ್ಟು ನೆಂಟರಿಗೆಲ್ಲ ಸಿಹಿ ಕೊಡುತ್ತಾರೆ. ಗಂಡು ಮಗುವಾದರೆ ಅಲಸಂದೆ ಕಾಳಿನ ಪಾಯಸ, ಹೆಣ್ಣಾದರೆ ಚೆ ಟ್ರೋಯ್ ನುವಕ್. ಚೆ ಅಂದರೆ ಪಾಯಸದ ಥರದ ಸಿಹಿ, ಟ್ರೋಯ್ ನುವಕ್ ಅಂದರೆ ನೀರಲ್ಲಿ ತೇಲೋದು. ಬೆಲ್ಲದ ಪಾಕದಲ್ಲಿ ತೇಲುವ ಕಡುಬು ಅಂದುಕೋ. ಸಹಾಯಕ್ಕೆ ಬಾ ಅಂತ ಆ ಅಜ್ಜಿ ನನ್ನನ್ನೂ ಕರೆದಿದ್ದರು. ಅವರನ್ನು ನಾನು ಕರೆಯೋದೂ "ಬಾ" ಅಂತಲೇ! ಇಲ್ಲಿನ ಭಾಷೆಯಲ್ಲಿ ಬಾ ಅಂದರೆ ಅಜ್ಜಿ. ಮೊದಮೊದಲು ನಗು ತಡೆಯೋಕೆ ಆಗ್ತಿರಲಿಲ್ಲ.

ಹೂರಣಕ್ಕೆ ಏನು ಗೊತ್ತಾ? ನಮ್ಮ ಹೆಸರುಬೇಳೆ. ನೆನೆಸಿ, ಹಬೆಯಲ್ಲಿ ಬೇಯಿಸಿ, ನುಣ್ಣಗೆ ಅರೆದು, ಸಕ್ಕರೆ, ಚಿಟಿಕೆ ಉಪ್ಪು. ಅಲ್ಲಿಯವರೆಗೆ ನಾನೂ ತಲೆ ಆಡಿಸುತ್ತಿದ್ದೆ. ಆಮೇಲೆ ಅಜ್ಜಿ ಎಣ್ಣೆಯಲ್ಲಿ ಸಾಂಬಾರ್ ಈರುಳ್ಳಿ ಹುರಿದು ಅದರೊಳಗೆ ಸುರಿದರು. ಸಿಹಿಗೆ ಈರುಳ್ಳಿ! ನಿನ್ನ ಮುಖ ಕಣ್ಣ ಮುಂದೆ ಬಂತು. ತಿಂದರೆ ಚೆನ್ನಾಗಿಯೇ ಇದೆ, ಆಣೆ. ನೀನು ಬಿಟ್ಟು ಮಾಡು, ಏನೂ ಕೆಡೋದಿಲ್ಲ.

ಮಾರನೇ ದಿನ ನಾನೊಬ್ಬಳೇ ಮಾಡಲು ಹೋಗಿ ಕೆಟ್ಟೆ. ಅಂಗಡಿಯಲ್ಲಿ ಒಂದೇ ಥರದ ಎರಡು ಪೊಟ್ಟಣ: ಬೊಟ್ ಗಾವ್, ಬೊಟ್ ನೆಪ್. ಗಾವ್ ಮಾಮೂಲಿ ಅಕ್ಕಿ ಹಿಟ್ಟು, ನೆಪ್ ಅಂಟಕ್ಕಿ ಹಿಟ್ಟು. ನಾನು ತಂದಿದ್ದು ಗಾವ್. ನೀರಿಗೆ ಬಿಟ್ಟ ಕೂಡಲೇ ಉಂಡೆಗಳು ಒಡೆದು, ಹೂರಣವೆಲ್ಲ ಹೊರಗೆ ಬಂದು, ಪಾತ್ರೆ ತುಂಬ ತವ್ವೆ. ಒಗ್ಗರಣೆ ಹಾಕಿ ಅನ್ನಕ್ಕೆ ಕಲಸಿಕೊಂಡು ತಿನ್ನೋಣ ಅಂದರೆ ಅದೂ ಸಿಹಿ.

ಆದ್ದರಿಂದ ನಿನ್ನ ಡಬ್ಬಿಯ ಅಕ್ಕಿ ಹಿಟ್ಟು ಇದಕ್ಕೆ ಬೇಡ. ಕಡುಬಿಗೆ ನೀನು ಕುದಿಯುವ ನೀರಲ್ಲಿ ಹಿಟ್ಟು ಬೇಯಿಸಿಕೊಳ್ಳುತ್ತೀಯಲ್ಲ, ಇಲ್ಲಿ ಆ ಕೆಲಸ ಇಲ್ಲ. ಅಂಟು ನೆಪ್ ಅಕ್ಕಿಯಲ್ಲೇ ಇರುತ್ತದೆ. 200 ಗ್ರಾಂ ನೆಪ್ ಹಿಟ್ಟಿಗೆ ಸುಮಾರು 170 ಎಂಎಲ್ ಬೆಚ್ಚಗಿನ ನೀರು. ಒಂದೇ ಸಲ ಸುರಿಯಬೇಡ, ಸ್ವಲ್ಪ ಸ್ವಲ್ಪ ಹಾಕು. ಕಲಸಿದ್ದು ಚಪಾತಿ ಹಿಟ್ಟಿಗಿಂತ ಮೆತ್ತಗಿರಬೇಕು, ಕೈಗೆ ಅಂಟಬಾರದು. ಒಂದು ಗೋಲಿ ಮಾಡಿ ಅಂಗೈಯಲ್ಲಿ ಒತ್ತಿ ನೋಡು. ಅಂಚು ಬಿರಿದರೆ ಇನ್ನೊಂದು ಚಮಚ ನೀರು ಬೇಕು ಅಂತ ಅರ್ಥ. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡು.

100 ಗ್ರಾಂ ಬೇಳೆಯ ಹೂರಣಕ್ಕೆ ಹತ್ತು ಹನ್ನೆರಡು ಉಂಡೆ ಆಗುತ್ತವೆ. ಒಂದೊಂದನ್ನೂ ಹಿಟ್ಟಿನೊಳಗೆ ಇಟ್ಟು ಗಾಳಿ ನಿಲ್ಲದ ಹಾಗೆ ಮುಚ್ಚಬೇಕು, ಅಜ್ಜಿ ನನಗೆ ಬೈದಿದ್ದು ಅದೊಂದಕ್ಕೇ. ಕುದಿಯುವ ನೀರಿಗೆ ಬಿಟ್ಟರೆ ಮೊದಲು ಮುಳುಗುತ್ತವೆ, ಬೆಂದ ಮೇಲೆ ತಾವೇ ಮೇಲೆ ಬರುತ್ತವೆ. ಬಂದ ಮೇಲೂ ಎರಡು ನಿಮಿಷ ಬಿಟ್ಟು, ತೆಗೆದು ತಣ್ಣೀರಿಗೆ ಹಾಕು. ಇಲ್ಲದಿದ್ದರೆ ಒಂದಕ್ಕೊಂದು ಅಂಟಿಕೊಂಡು ಬಿಡಿಸೋಕೆ ಆಗೋದಿಲ್ಲ. ಮಿಕ್ಕ ಹಿಟ್ಟಲ್ಲಿ ಹೂರಣ ಇಲ್ಲದ ಪುಟ್ಟ ಗೋಲಿ ಮಾಡುತ್ತಾರೆ. ಮಕ್ಕಳು ಹುಡುಕಿ ಹುಡುಕಿ ತಿನ್ನೋದು ಅದನ್ನೇ.

ಪಾಕಕ್ಕೆ ಇಲ್ಲಿ ತಾಳೆ ಬೆಲ್ಲ, ನಮ್ಮ ಆಲೆಮನೆ ಬೆಲ್ಲವೂ ಆಗುತ್ತೆ. ಎಳೆ ಪಾಕ ಬೇಡ, ತೆಳ್ಳಗಿರಲಿ. ಶುಂಠಿ ಮಾತ್ರ ಧಾರಾಳವಾಗಿ ಜಜ್ಜಿ ಹಾಕು. ಉಂಡೆಗಳನ್ನು ಅದರಲ್ಲಿ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ, ಬಟ್ಟಲಿಗೆ ಹಾಕಿ, ಮೇಲೆ ಉಪ್ಪು ಹಾಕಿ ಬಿಸಿ ಮಾಡಿದ ಗಟ್ಟಿ ಕಾಯಿಹಾಲು, ಹುರಿದ ಎಳ್ಳು. ಕಾಯಿಹಾಲಿಗೆ ಉಪ್ಪು ಮರೆಯಬೇಡ, ರುಚಿ ಇರೋದೇ ಅಲ್ಲಿ. ಜಾಸ್ತಿ ಕುದಿಸಿದರೆ ಒಡೆಯುತ್ತದೆ, ಅದು ನಿನಗೆ ಹೇಳಬೇಕಾ?

ಇನ್ನೊಂದು ತಿಂಡಿ ಇದೆ, ಬಾನ್ ಯಾ ಲೋನ್. ಹಸಿರೊಂದು ಪದರ, ಹೆಸರುಬೇಳೆಯ ಹಳದಿಯೊಂದು ಪದರ, ಹೀಗೆ ಒಂದರ ಮೇಲೊಂದು ಹಬೆಯಲ್ಲಿ ಬೇಯಿಸೋದು. ಹಸಿರು ಬಣ್ಣ ಪಾಂಡನ್ ಎಲೆಯದು. ನಮ್ಮ ಕೇದಗೆಯ ಜಾತಿ, ಪರಿಮಳ ಬಾಸ್ಮತಿ ಅನ್ನದ್ದು. ತಿಂಡಿಯ ಹೆಸರಿನ ಅರ್ಥ "ಹಂದಿ ಚರ್ಮ". ಹೆದರಬೇಡ, ಪದರ ನೋಡಿ ಇಟ್ಟ ಹೆಸರು ಅಷ್ಟೇ, ಒಳಗೆ ಹಿಟ್ಟು, ಬೇಳೆ, ಕಾಯಿಹಾಲು, ಸಕ್ಕರೆ ಬಿಟ್ಟು ಏನಿಲ್ಲ. ಅಪ್ಪನಿಗೆ ಮಾತ್ರ ಅರ್ಥ ಹೇಳಬೇಡ. ನಾನಿನ್ನೂ ಅದನ್ನು ಮಾಡೋ ಧೈರ್ಯ ಮಾಡಿಲ್ಲ. ಮುಚ್ಚಳದ ನೀರು ಒಂದು ಹನಿ ಬಿದ್ದರೂ ಪದರ ಕೆಡುತ್ತೆ ಅಂತ ಅಜ್ಜಿ ಮುಚ್ಚಳಕ್ಕೆ ಬಟ್ಟೆ ಕಟ್ಟುತ್ತಾರೆ.

ಬರುವಾಗ ಎರಡು ಪೊಟ್ಟಣ ಬೊಟ್ ನೆಪ್ ತರುತ್ತೇನೆ. ಹೆಸರುಬೇಳೆ ನೆನೆಸಿಟ್ಟಿರು. ಮಾಡಿದ್ದನ್ನು ಅವತ್ತೇ ಖಾಲಿ ಮಾಡಬೇಕು, ಫ್ರಿಜ್ಜಿನಲ್ಲಿಟ್ಟರೆ ಕಲ್ಲು. ಚಿಕ್ಕಮ್ಮನ ಮನೆಯವರನ್ನೂ ಕರಿ.

ನಿನ್ನ
ಪುಟ್ಟಿ